ಸಮಯ ಬಳಕೆ ಸಮೀಕ್ಷೆ: ವರದಿ ಓದಿ, ಆದರೆ 97 ನಿಮಿಷಕ್ಕೇ ನಿಲ್ಲಬೇಡಿ

ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ನಾನು ಸರ್ಕಾರದ ಅಂಕಿಅಂಶಗಳಲ್ಲಿ ಅತಿ ಹೆಚ್ಚು ಬಳಸುವುದು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಸಮಯ ಬಳಕೆ ಸಮೀಕ್ಷೆ. ದೇಶದಾದ್ಯಂತ ಒಮ್ಮೆ 2019ರಲ್ಲಿ, ಇನ್ನೊಮ್ಮೆ 2024ರಲ್ಲಿ ನಡೆದಿದೆ. ವರದಿ ಸಚಿವಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಇದರ ಹೆಚ್ಚುಗಾರಿಕೆ ಇರುವುದು ಕೇಳುವ ಕ್ರಮದಲ್ಲಿ. ಉದ್ಯೋಗ ಸಮೀಕ್ಷೆಯಲ್ಲಿ ಮನೆಗೆಲಸವಷ್ಟೇ ಮಾಡುವವರಿಗೆ 92 ಅಂತ ಕೋಡ್, ಜೊತೆಗೆ ಸೌದೆ ತರುವುದು, ಮನೆಮಂದಿಗೆ ಬಟ್ಟೆ ಹೊಲಿಯುವುದು ಇದ್ದರೆ 93. ಇಡೀ ದಿನದ ದುಡಿಮೆ ಒಂದೇ ಸಂಖ್ಯೆಯಲ್ಲಿ ಮುಗಿಯುತ್ತದೆ. ಸಮಯ ಬಳಕೆ ಸಮೀಕ್ಷೆಯಲ್ಲಿ ಹಾಗಲ್ಲ. ಆರು ವರ್ಷ ತುಂಬಿದ ಪ್ರತಿಯೊಬ್ಬರ ಒಂದು ದಿನವನ್ನು, ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ, ಅರ್ಧರ್ಧ ಗಂಟೆ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ.

ಅದೇ ಕ್ರಮದಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರನ್ನು ಕೇಳಿದೆ. "ನಂಗೇನ್ ಕೆಲ್ಸ ಮಗಾ, ಮನೇಲೇ ಇರ್ತೀನಿ" ಅಂದರು. ನಾಲ್ಕೂವರೆಗೆ ಏನ್ ಮಾಡ್ತಿದ್ರಿ ಅಜ್ಜಿ? "ಎದ್ದು ನೀರೊಲೆ ಹಚ್ದೆ." ಐದಕ್ಕೆ? "ಕೊಟ್ಟಿಗೆ ಬಾಚಿ ಹಾಲು ಕರೆದೆ, ಡೈರಿಗೆ ಹಾಕ್ಬೇಕಲ್ಲ." ಡೈರಿಗೆ ಹಾಕುವ ಹಾಲು ದುಡ್ಡು ತರುವ ದುಡಿಮೆ. "ಕೆಲಸ ಮಾಡ್ತೀರಾ" ಅಂತ ಒಂದೇ ಪ್ರಶ್ನೆ ಕೇಳಿ ಎದ್ದುಬಂದಿದ್ದರೆ ಅದು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಓದುವಾಗ ಒಂದು ಎಚ್ಚರ ಬೇಕು. ಮನೆಯವರಿಗಾಗಿ ಮಾಡುವ ಸಂಬಳವಿಲ್ಲದ ಮನೆಗೆಲಸಕ್ಕೆ 2019ರಲ್ಲಿ ದಿನಕ್ಕೆ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ ಕೊಟ್ಟರು. 2024ರಲ್ಲಿ 289 ಮತ್ತು 88. ಆದರೆ ಇದು ಆ ದಿನ ಆ ಕೆಲಸಕ್ಕೆ ಕೈ ಹಾಕಿದವರ ಸರಾಸರಿ ಮಾತ್ರ. 2019ರಲ್ಲಿ ಹಾಗೆ ಕೈ ಹಾಕಿದ ಗಂಡಸರು ಶೇ. 26.1, ಹೆಂಗಸರು ಶೇ. 81.2. ಏನೂ ಮಾಡದವರನ್ನೂ ಸೇರಿಸಿದರೆ ಗಂಡಸರ ಪಾಲು 25 ನಿಮಿಷಕ್ಕೆ ಇಳಿಯುತ್ತದೆ, ಹೆಂಗಸರದ್ದು 243. ಈ ಕೋಷ್ಟಕವೂ ವರದಿಯಲ್ಲೇ ಇದೆ, ದಯವಿಟ್ಟು ಅದನ್ನೂ ನೋಡಿ. ಭಾಷಣಗಳಲ್ಲಿ 97 ಅಂತಲೇ ಕೇಳಿ ಕೇಳಿ ನನಗೆ ಬೇಜಾರಾಗಿದೆ.

ಒಂದು ಅಂಕ ಕಡಿಮೆ ಮಾಡಿದ್ದು ಯಾಕೆಂದರೆ, 2019ರ ಸುತ್ತಿನಲ್ಲಿ ಕೆಲವು ಮನೆಗಳಲ್ಲಿ ಒಬ್ಬರ ದಿನಚರಿಯನ್ನು ಮನೆಯ ಇನ್ನೊಬ್ಬರಿಂದ ಕೇಳಿ ತುಂಬಿದ್ದಾರೆ. ಹೆಂಡತಿ ಐದು ಗಂಟೆಗೆ ಏನು ಮಾಡುತ್ತಿದ್ದಳು ಅನ್ನುವುದು ಮಲಗಿದ್ದ ಗಂಡನಿಗೆ ಹೇಗೆ ಗೊತ್ತಿರುತ್ತದೆ? ಅವಳು ಹೊಲಕ್ಕೆ ಹೋಗಿದ್ದರೆ ಸಂಜೆ ಇನ್ನೊಂದು ಸಲ ಬಂದು ಅವಳನ್ನೇ ಕೇಳಬೇಕು. ಅದಕ್ಕೆ ಖರ್ಚಾಗುತ್ತದೆ, ಸಿಬ್ಬಂದಿಯೂ ಹೆಚ್ಚು ಬೇಕು. ಆ ಖರ್ಚು ಮಾಡಲೇಬೇಕು.