ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರದ ತೊಡೆಸಂದು ನೋವು: ವಿಶ್ರಾಂತಿ, ಮಾಲಿಶು, ವ್ಯಾಯಾಮ

ಹೊಲಿಗೆಯ ಗಾಯ ಮಾಯ್ದ ಮೇಲೂ ನನ್ನ ಒಳತೊಡೆಯ ನೋವು ಹೋಗಿರಲಿಲ್ಲ. ಹಾಸಿಗೆಯಲ್ಲಿ ಮಗ್ಗುಲಾದರೆ, ಕಾರಿನಿಂದ ಇಳಿಯಲು ಕಾಲು ಹೊರಗಿಟ್ಟರೆ ತೊಡೆಸಂದು ಚುಳ್ಳೆನ್ನುತ್ತಿತ್ತು. ಓಟವಂತೂ ದೂರದ ಮಾತು. ಹರ್ನಿಯಾ ಮರುಕಳಿಸಿಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಒಳಗೆ ಹಾಕಿದ ಜಾಲರಿ ಸರಿಯಾಗಿದೆ, ನೋವು ಒಳತೊಡೆಯ ಸ್ನಾಯುವಿನದು ಎಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ ಮೂರು ದಾರಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆ.

ವಿಶ್ರಾಂತಿಯಿಂದ ನೋವು ತಗ್ಗಿತು, ನಿಜ. ಆದರೆ ಓಡಲು ಹೊರಟ ದಿನವೇ ಅದೇ ಜಾಗದಲ್ಲಿ ಮರಳಿ ಬಂತು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಹಳೆಯ ಭಾರ ಒಮ್ಮೆಗೇ ಬಿದ್ದಾಗ ತಾಳಲಾರದು.

ಮಾಲಿಶು ಮತ್ತು ಸ್ನಾಯು ಹಿಗ್ಗಿಸುವ ವ್ಯಾಯಾಮಗಳ ಸುಖ ಸಂಜೆಯವರೆಗೆ ಮಾತ್ರ. ಕಾಲುಗಳನ್ನು ಅಗಲಿಸಿ ಜೋರಾಗಿ ಹಿಗ್ಗಿಸಿದ ಮರುದಿನ ಬೆಳಿಗ್ಗೆ ನೋವು ಹೆಚ್ಚೇ ಇರುತ್ತಿತ್ತು. ಸ್ನಾಯುರಜ್ಜು ಮೂಳೆಗೆ ಅಂಟಿಕೊಂಡಿರುವ ಜಾಗವೇ ನೊಂದಿರುವಾಗ ಅದನ್ನು ಮತ್ತೆ ಮತ್ತೆ ಎಳೆಯುವುದು ನನಗೆ ಒಗ್ಗಲಿಲ್ಲ.

ನನ್ನನ್ನು ಮತ್ತೆ ಓಡಿಸಿದ್ದು ಬಲ ಹೆಚ್ಚಿಸುವ ವ್ಯಾಯಾಮ. ಫಿಸಿಯೋಥೆರಪಿಸ್ಟ್ ತೋರಿಸಿದ ಮೊದಲ ಹೆಜ್ಜೆ ತೀರಾ ಸರಳ: ಅಂಗಾತ ಮಲಗಿ, ಮಂಡಿ ಮಡಚಿ, ನಡುವೆ ಚೆಂಡನ್ನಿಟ್ಟು ಒತ್ತಿ ಹಿಡಿಯುವುದು. ಅದು ಸಲೀಸಾದ ಮೇಲೆ ಮಗ್ಗುಲಿಗೆ ಮಲಗಿ ಕೆಳಗಿನ ಕಾಲನ್ನು ಎತ್ತುವುದು. ಬಹಳ ತಡವಾಗಿ ಕೋಪನ್‌ಹೇಗನ್ ವ್ಯಾಯಾಮ: ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಮೊಳಕೈ ಊರಿ, ಸೊಂಟವನ್ನು ನೆಲದಿಂದ ಎತ್ತಿ ಹಿಡಿಯುವುದು. ಇದು ಕಠಿಣ, ಇದರಿಂದಲೇ ಶುರು ಮಾಡಬೇಡಿ. ಜೊತೆಗೆ ಪೃಷ್ಠದ ಸ್ನಾಯುಗಳಿಗೂ ಕೆಲಸ ಕೊಟ್ಟಾಗ ಸೊಂಟದ ಬಿಗಿತ ಸಡಿಲವಾಯಿತು. ಉಸಿರು ಬಿಗಿಹಿಡಿದರೆ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಆದ್ದರಿಂದ ಭಾರ ಎತ್ತುವಾಗ ಉಸಿರು ಬಿಡುತ್ತಿದ್ದೆ. ಮರುದಿನ ಬೆಳಿಗ್ಗೆ ನೋವು ಏರಿದ್ದರೆ ಒಂದು ಹೆಜ್ಜೆ ಹಿಂದಕ್ಕೆ.

ಇದು ನನ್ನೊಬ್ಬನ ಅನುಭವವಲ್ಲ. ದೀರ್ಘಕಾಲದ ತೊಡೆಸಂದು ನೋವಿದ್ದ ಕ್ರೀಡಾಪಟುಗಳ ಮೇಲೆ ಡೆನ್ಮಾರ್ಕ್‌ನಲ್ಲಿ ನಡೆದು 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮದ ಗುಂಪಿನ 23 ಮಂದಿ ನೋವಿಲ್ಲದೆ ಹಿಂದಿನ ಮಟ್ಟದ ಆಟಕ್ಕೆ ಮರಳಿದರು. ಮಸಾಜ್, ಹಿಗ್ಗಿಸುವಿಕೆ, ಲೇಸರ್‌ನಂಥ ಚಿಕಿತ್ಸೆ ಪಡೆದವರಲ್ಲಿ ಹಾಗೆ ಮರಳಿದವರು ಕೇವಲ 4 ಮಂದಿ. ಅವರು ಹರ್ನಿಯಾ ರೋಗಿಗಳಲ್ಲ, ಆದರೆ ನೊಂದ ಸ್ನಾಯು ಅದೇ.

ಈಜು, ಸೈಕಲ್ ಎರಡನ್ನೂ ನಡುನಡುವೆ ಮಾಡಿದೆ. ಕಪ್ಪೆಯಂತೆ ಕಾಲು ಒದೆಯುವ ಈಜು ಒಳತೊಡೆಗೆ ಕಷ್ಟ. ಕಾಲನ್ನು ನೇರವಾಗಿ ಬಡಿಯುವ ಈಜು ಹಾಯಾಗಿತ್ತು. ಸೈಕಲ್ ದಮ್ಮು ಉಳಿಸಿತು, ಆದರೆ ತೊಡೆಸಂದಿಗೆ ಬೇಕಾದ ಬಲ ಕೊಡಲಿಲ್ಲ.

ನೋವೆಲ್ಲ ಸ್ನಾಯುವಿನದೇ ಅಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಉರಿ, ಜೋಮು, ಬಟ್ಟೆ ತಾಗಿದರೂ ಶಾಕ್ ಹೊಡೆದಂತಾಗುವುದು ನರದ ಲಕ್ಷಣ. ಹರ್ನಿಯಾ ಸರಿಪಡಿಸುವ ಜಾಗದಲ್ಲೇ ಇಲಿಯೋ-ಇಂಗ್ವಿನಲ್ ಮೊದಲಾದ ನರಗಳು ಹಾದುಹೋಗುತ್ತವೆ. ಮಂಡಿಯನ್ನು ಎದೆಯತ್ತ ತಂದಾಗ ಸೊಂಟದ ಮುಂಭಾಗ ಆಳದಲ್ಲಿ ಚಿವುಟಿದರೆ ಕೀಲನ್ನೇ ಪರೀಕ್ಷಿಸಬೇಕು. ಹೊಸ ಉಬ್ಬು ಅಥವಾ ಜ್ವರ ಕಂಡರೆ, ನೋವು ಮೂರು ತಿಂಗಳು ದಾಟಿದರೆ, ಚೆಂಡು ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ.