ಒಬ್ಬರೇ ಬ್ರೇಕ್ ಬ್ಲೀಡ್ ಮಾಡಲು ಕೈಪಂಪು: ಬಳ್ಳಾರಿಯ ಅಂಗಳದಲ್ಲಿ ಬಳಸಿ ನೋಡಿದ ಮೇಲೆ

ನಮ್ಮ ಹಳೆಯ ಸಣ್ಣ ಕಾರಿನ ಹಿಂದಿನ ಚಕ್ರಗಳ ಬ್ರೇಕನ್ನು ಒತ್ತುವ ಎರಡೂ ವೀಲ್ ಸಿಲಿಂಡರ್‌ಗಳನ್ನು ಮತ್ತು ಮುಂದಿನ ಬಲಗಡೆಯ ಬ್ರೇಕ್ ಹೋಸನ್ನು ಮನೆಯ ಅಂಗಳದಲ್ಲೇ ಬದಲಿಸಿದ ನಂತರ, ಪೈಪಿನೊಳಗೆ ಸೇರಿದ್ದ ಗಾಳಿಯನ್ನು ತೆಗೆಯಲೆಂದು (ಬ್ಲೀಡ್ ಮಾಡುವುದೆಂದರೆ ಇದೇ) 1,600 ರೂಪಾಯಿ ಕೊಟ್ಟು ವ್ಯಾಕ್ಯೂಮ್ ಕೈಪಂಪಿನ ಒಂದು ಕಿಟ್ಟನ್ನು ಆನ್‌ಲೈನಿನಲ್ಲಿ ತರಿಸಿಕೊಂಡೆ. ಪೆಡಲ್ ಒತ್ತಲು ಇನ್ನೊಬ್ಬರು ಬೇಕಿಲ್ಲ, ಒಬ್ಬರೇ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಬಹುದು ಎಂಬುದು ಅದರ ಮಾರಾಟಗಾರರ ಭರವಸೆ. ನನಗೆ ಹಿಡಿದದ್ದು ಒಂದು ಇಡೀ ಭಾನುವಾರ, ಕೊನೆಗೆ ಪೆಡಲ್ ಒತ್ತಲು ಮಗಳನ್ನೂ ಕರೆಯಬೇಕಾಯಿತು.

ಪೆಟ್ಟಿಗೆಯಲ್ಲಿ ಪಂಪು, ಒತ್ತಡ ತೋರಿಸುವ ಗಡಿಯಾರ, ಆಯಿಲ್ ಬೀಳುವ ಸಣ್ಣ ಬಾಟಲಿ, ಎರಡು ಪಾರದರ್ಶಕ ಟ್ಯೂಬು ಮತ್ತು ರಬ್ಬರಿನ ಕೆಲವು ಅಡಾಪ್ಟರುಗಳಿದ್ದವು. ಪಂಪಿನ ಹಿಡಿಕೆ ಗಟ್ಟಿಯಾಗಿದೆ, ಗಡಿಯಾರದ ಮುಳ್ಳು ಪಾದರಸದ 20 ಇಂಚಿನವರೆಗೆ ಸಲೀಸಾಗಿ ಏರಿ ಅಲ್ಲೇ ನಿಲ್ಲುತ್ತದೆ. ಅಡಾಪ್ಟರುಗಳ ವಿಷಯದಲ್ಲಿ ಈ ಮಾತು ಹೇಳುವಂತಿಲ್ಲ. ಹಿಂದಿನ ಚಕ್ರದ ಬ್ರೇಕಿನಿಂದ ಗಾಳಿ, ಆಯಿಲ್ ಹೊರಬಿಡುವ ಸ್ಕ್ರೂ ಆದ ನಿಪ್ಪಲ್‌ಗೆ ಒಂದೂ ಬಿಗಿಯಾಗಿ ಕೂಡಲಿಲ್ಲ. ಬಾಟಲಿ ಎಷ್ಟು ಚಿಕ್ಕದೆಂದರೆ ಒಂದೊಂದು ಚಕ್ರಕ್ಕೆ ಎರಡು ಬಾರಿ ಖಾಲಿ ಮಾಡಬೇಕು.

ಪಂಪನ್ನು ದೂರುವ ಮೊದಲು ನಮ್ಮ ಊರಿನ ಧೂಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಡೂರಿನ ಕಡೆ ವಾರಕ್ಕೊಮ್ಮೆ ಓಡಾಡುವ ಕಾರಿನ ತಳದಲ್ಲಿ ಅದಿರಿನ ಕೆಂಪು ಧೂಳು ಮಳೆನೀರಿನೊಂದಿಗೆ ಕಲಸಿ ಒಣಗಿರುತ್ತದೆ, ನಿಪ್ಪಲ್‌ನ ರಬ್ಬರ್ ಟೋಪಿ ಬಿದ್ದುಹೋಗಿದ್ದರೆ ಒಳಗಿನ ತೂತೂ ಮುಚ್ಚಿರುತ್ತದೆ. ಮುಂದಿನ ಚಕ್ರಗಳಲ್ಲಿ ಬ್ರೇಕ್ ಹಿಡಿಯುವ ಕ್ಯಾಲಿಪರ್‌ಗಳಲ್ಲಿ ಹಾಗೇ ಆಗಿತ್ತು. ಹಿಂದಿನ ದಿನವೇ ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಓಪನ್ ಸ್ಪ್ಯಾನರ್ ಬದಲು ರಿಂಗ್ ಸ್ಪ್ಯಾನರ್ ಹಾಕಿದ್ದರಿಂದ ಅವು ಮುರಿಯದೆ ಸಡಿಲವಾದವು.

ಒಣಗಿದ್ದ ಪೈಪುಗಳಿಗೆ ಹೊಸ ಆಯಿಲನ್ನು ಎಳೆದು ತರುವ ಕೆಲಸವನ್ನು ಪಂಪು ಚೆನ್ನಾಗಿಯೇ ಮಾಡಿತು. ತೊಂದರೆ ಶುರುವಾದದ್ದು ಅದರ ನಂತರ. ಟ್ಯೂಬಿನಲ್ಲಿ ಸಣ್ಣ ಗುಳ್ಳೆಗಳು ಎಡೆಬಿಡದೆ ಬರುತ್ತಲೇ ಇದ್ದವು. ಅರ್ಧ ಲೀಟರ್ ಆಯಿಲ್ ಖರ್ಚಾದರೂ ನಿಲ್ಲಲಿಲ್ಲ. ಹೊಸ ಸಿಲಿಂಡರೇ ಕೆಟ್ಟಿದೆಯೆಂದು ಅನುಮಾನಪಟ್ಟು ಕೌಲ್ ಬಜಾರಿನ ಪರಿಚಯದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದಾಗ ಅವರು ನಕ್ಕು, "ಗಾಳಿ ಲೈನಿನಾಗ ಇಲ್ಲ ಸರ, ನಿಪ್ಪಲ್ ಥ್ರೆಡ್ಡಿನ ಸಂದಿಯಾಗಿಂದ ಬರಾಕತ್ತೈತಿ" ಎಂದರು. ಅವರ ಮಾತು ನಿಜವಾಗಿತ್ತು. ನಿಪ್ಪಲನ್ನು ಸಡಿಲಿಸಿ ಹೊರಗಿನಿಂದ ಹೀರಿದಾಗ ಥ್ರೆಡ್ಡಿನ ಸಂದಿಯಿಂದ ಹೊರಗಿನ ಗಾಳಿಯೂ ಒಳಬರುತ್ತದೆ. ಹೀಗಾಗಿ ಲೈನ್ ಪೂರ್ತಿ ಶುದ್ಧವಾಗಿದ್ದರೂ ಗುಳ್ಳೆ ಕಾಣುತ್ತಲೇ ಇರುತ್ತದೆ. ಥ್ರೆಡ್ಡಿನ ಬುಡಕ್ಕೆ ಗ್ರೀಸ್ ಬಳಿದರೆ ಇದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಕಿಟ್ಟಿನೊಂದಿಗೆ ಬಂದ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ನನ್ನ ಮುಖ್ಯ ತಕರಾರು ಇದೇ.

ಕೊನೆಗೆ ಪೆಡಲಿನ ವಿಧಾನಕ್ಕೇ ಮರಳಿದೆ. ಟ್ಯೂಬಿನ ತುದಿಯನ್ನು ಹೊಸ ಆಯಿಲಿನಲ್ಲಿ ಮುಳುಗಿಸಿಟ್ಟು, ಮಗಳು ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ತೆರೆದು, ಅವಳು ಕಾಲು ಎತ್ತುವ ಮೊದಲೇ ಮುಚ್ಚುತ್ತಾ ಹೋದೆವು. ತೆರೆದಿರುವಾಗ ಕಾಲು ಎತ್ತಿದರೆ ಗಾಳಿ ಮತ್ತೆ ಒಳಸೇರಬಹುದು, ಆದ್ದರಿಂದ "ಒತ್ತು", "ಬಿಡು" ಎಂಬ ಎರಡು ಮಾತಿನ ಹೊರತು ಬೇರೇನೂ ಆಡಬಾರದೆಂದು ಮೊದಲೇ ಒಪ್ಪಂದವಾಗಿತ್ತು. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದು, ಪಿಸ್ಟನ್ ಎಂದೂ ಹೋಗದ ತುದಿಯ ಭಾಗದಲ್ಲಿ ತುಕ್ಕು ಇದ್ದರೆ, ಪೆಡಲ್ ಪೂರ್ತಿ ಕೆಳಗಿಳಿದಾಗ ಅದು ಪಿಸ್ಟನ್ನಿನ ಸೀಲನ್ನು ಹರಿಯಬಹುದು. ಅದಕ್ಕೇ ಪೆಡಲ್ ತಳಮುಟ್ಟದಂತೆ ಕೆಳಗೆ ಮರದ ತುಂಡೊಂದನ್ನು ಇಟ್ಟಿದ್ದೆ. ನಾಲ್ಕು ಚಕ್ರಗಳ ಕೆಲಸ ಮುಗಿಯುವ ಹೊತ್ತಿಗೆ, ಹಿಟ್ಟಿನ ಮುದ್ದೆಯಂತೆ ಮೆತ್ತಗಿದ್ದ ಪೆಡಲ್ ಗಟ್ಟಿಯಾಗಿ ಮೇಲೆಯೇ ನಿಂತಿತು. ಯಾವ ಚಕ್ರದಿಂದ ಆರಂಭಿಸಬೇಕೆಂಬುದಕ್ಕೆ ಕಾರಿನ ಕೈಪಿಡಿಯನ್ನೇ ನೋಡಬೇಕು. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು ಎಂಬ ರೂಢಿಯ ನಿಯಮ ಎಲ್ಲ ಕಾರುಗಳಿಗೂ ಹೊಂದುವುದಿಲ್ಲ. ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಆ ಘಟಕದೊಳಗೇ ಗಾಳಿ ಸೇರಿದರೆ ಸ್ಕ್ಯಾನರ್ ಇಲ್ಲದೆ ತೆಗೆಯಲಾಗದು, ಅಂಥವರಿಗೆ ಪಂಪೂ ಸಾಲದು, ಪೆಡಲೂ ಸಾಲದು.

ಪಂಪು ಅಥವಾ ಪೆಡಲ್, ಯಾವುದನ್ನು ಬಳಸಿದರೂ ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿಯ ಮೇಲೆ ಕಣ್ಣಿರಲೇಬೇಕು. ಪಂಪು ಪೆಡಲಿಗಿಂತ ಬೇಗ ಹೀರುವುದರಿಂದ ಡಬ್ಬಿ ಎರಡೇ ನಿಮಿಷದಲ್ಲಿ ಬರಿದಾಗಿ, ಗಾಳಿ ಮಾಸ್ಟರ್ ಸಿಲಿಂಡರಿಗೇ ಇಳಿಯುವ ಅಪಾಯವಿದೆ. ನಾನು ತುಂಬಿದ್ದು ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಹೊಸದಾಗಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿಕೊಂಡ ಮೇಲೆ 155. ಸಂಡೂರಿನ ಕುಮಾರಸ್ವಾಮಿ ಬೆಟ್ಟದಿಂದ ಬೇಸಿಗೆಯಲ್ಲಿ ಬ್ರೇಕ್ ಹಿಡಿಯುತ್ತಲೇ ಇಳಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಒಂದು ಅಡಾಪ್ಟರ್ ಮೊದಲ ದಿನವೇ ಸೀಳಿತು. ಆಯಿಲ್ ತಾಗಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಮಾರಿದವರು ಉತ್ತರಿಸಿದರು. ಹತ್ತಾರು ಕಾರುಗಳ ಕೆಲಸ ಮಾಡುವವರಿಗೆ ಪಂಪು ಉಪಯೋಗವಾದೀತು. ವರ್ಷಕ್ಕೊಮ್ಮೆ ಒಂದೇ ಕಾರಿನ ಕೆಲಸ ಮಾಡುವವರು ಒಂದೇ ದಿಕ್ಕಿಗೆ ತೆರೆಯುವ ವಾಲ್ವಿನ ಅಗ್ಗದ ಟ್ಯೂಬನ್ನು ಕೊಂಡು, ಉಳಿದ ಹಣದಲ್ಲಿ ಇನ್ನೊಂದು ಬಾಟಲಿ ಬ್ರೇಕ್ ಆಯಿಲ್ ತರುವುದು ಲೇಸು. ನನ್ನ ಪಂಪು ಈಗ ಡಬ್ಬಿಯಲ್ಲಿನ ಕಪ್ಪಾದ ಆಯಿಲನ್ನು ಬಣ್ಣದ ಮೇಲೆ ಚೆಲ್ಲದಂತೆ ಹೀರಿ ತೆಗೆಯಲು ಮಾತ್ರ ಕಪಾಟಿನಿಂದ ಹೊರಬರುತ್ತದೆ.