ಎಸ್‌ಇಒ ಪ್ಲಗಿನ್ ಚೆನ್ನಾಗಿದೆ, ಆದ್ರೆ ತೆಗೆದುಹಾಕಿದ ಸೌಲಭ್ಯದ ಕಸ ಯಾರು ಗುಡಿಸಬೇಕು?

5ಕ್ಕೆ 3 ಸ್ಟಾರ್. ಗೂಗಲ್ ಹುಡುಕಾಟದಲ್ಲಿ ಸೈಟ್ ಚೆನ್ನಾಗಿ ಕಾಣಿಸಿಕೊಳ್ಳಲಿ (ಅದೇ ಎಸ್‌ಇಒ) ಅಂತ ನಮ್ಮ ಅಂಗಡಿಯ ವರ್ಡ್‌ಪ್ರೆಸ್ ಸೈಟ್‌ಗೆ ಹಾಕಿದ್ದ ಪ್ಲಗಿನ್ ಇದು. ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ), ಶೀರ್ಷಿಕೆ ಎಲ್ಲ ನೀಟಾಗಿ ನೋಡಿಕೊಳ್ಳುತ್ತದೆ, ಅದರಲ್ಲಿ ದೂರಿಲ್ಲ.

ಹೊಸ ಅಪ್‌ಡೇಟ್‌ನಲ್ಲಿ ಮೆಟಾ ಕೀವರ್ಡ್ಸ್ ಬಾಕ್ಸ್, ಅಂದರೆ ಪುಟದ ವಿಷಯ ಹೇಳುವ ಪದಗಳನ್ನು ಓದುಗರಿಗೆ ಕಾಣದ ಟ್ಯಾಗ್‌ಗೆ ಸೇರಿಸುವ ಜಾಗ, ತೆಗೆದಿದ್ದಾರೆ. ಸರಿಯಾದ ಕೆಲಸವೇ. ಆ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ, ಅಲ್ವಾ? ಆದರೆ ಪರದೆಯಿಂದ ಬಾಕ್ಸ್ ಹೋಯಿತೇ ಹೊರತು, ಒಂದೊಂದು ಪುಟಕ್ಕೂ ನಾವು ಟೈಪ್ ಮಾಡಿದ್ದ ಪದಗಳು ಡೇಟಾಬೇಸ್‌ನಲ್ಲಿ ಪುಟಗಳ ಹೆಚ್ಚುವರಿ ಮಾಹಿತಿ ಇಡುವ ಪೋಸ್ಟ್‌ಮೆಟಾ ಟೇಬಲ್‌ನಲ್ಲಿ ಹಾಗೇ ಕೂತಿವೆ, ಅಳಿಸೋಕೆ ಒಂದು ಬಟನ್ ಕೂಡ ಕೊಟ್ಟಿಲ್ಲ.

ಶೇರ್ ಬಟನ್ ತೆಗೆದದ್ದು ಇನ್ನೂ ಕಿರಿಕಿರಿ. ಆ ಬಟನ್ ಬರಲಿ ಅಂತ ಪುಟದಲ್ಲಿ ಶಾರ್ಟ್‌ಕೋಡ್ ಅನ್ನೋ ಪುಟ್ಟ ಸಂಕೇತ ಹಾಕಿದ್ದೆವು. ಶಾರ್ಟ್‌ಕೋಡ್ ಹಿಂದಿನ ಕೋಡೇ ಇಲ್ಲದಿದ್ದರೆ ವರ್ಡ್‌ಪ್ರೆಸ್ ಅದನ್ನು ಬರೀ ಅಕ್ಷರ ಅಂದುಕೊಳ್ಳುತ್ತದೆ. ಹಾಗಾಗಿ ರೇಷ್ಮೆ ಸೀರೆಯ ಫೋಟೋ ಕೆಳಗೆ ಬಟನ್ ಇದ್ದ ಜಾಗದಲ್ಲಿ ಚೌಕ ಬ್ರಾಕೆಟ್ ಸಮೇತ ಶಾರ್ಟ್‌ಕೋಡ್ ಎದ್ದು ಕಾಣುತ್ತಿತ್ತು, ಗಿರಾಕಿಗಳು ಫೋನ್ ಮಾಡಿ ಇದೇನು ಅಂತ ಕೇಳುವಂತಾಯಿತು. ಆ ಬಟನ್‌ಗಳ ಬಣ್ಣ, ಅಳತೆಯ ಸೆಟ್ಟಿಂಗ್ಸ್ ಸೆಟ್ಟಿಂಗ್ಸ್ ಇಡುವ ಆಪ್ಷನ್ಸ್ ಟೇಬಲ್‌ನಿಂದ ಆಟೋಲೋಡ್ ಆಗುತ್ತಲೇ ಇವೆ, ಅಂದರೆ ಯಾರಿಗೂ ಬೇಡದ ಮಾಹಿತಿಯನ್ನು ಪ್ರತಿ ಪುಟ ತೆರೆದಾಗಲೂ ಸುಮ್ನೆ ಓದಲಾಗುತ್ತಿದೆ. ಒಂದು ಪ್ಲಗಿನ್‌ನಿಂದ ಜಾಸ್ತಿ ಏನೂ ಆಗಲ್ಲ, ಆದರೆ ಇಂಥವು ಹತ್ತಾರು ಸೇರಿದರೆ ಸೈಟ್ ನಿಧಾನವಾಗುತ್ತದೆ. ಆಟೋಲೋಡ್ ಗಾತ್ರ 800 ಕೆಬಿ ದಾಟಿದರೆ ವರ್ಡ್‌ಪ್ರೆಸ್‌ನ ಸೈಟ್ ಹೆಲ್ತ್ (ಸೈಟ್ ತಪಾಸಣೆ) ಪುಟದಲ್ಲಿ ಎಚ್ಚರಿಕೆ ಬರುತ್ತದೆ, ನೋಡಿಕೊಳ್ಳಿ.

ಅಪ್‌ಡೇಟ್ ಆದ ತಕ್ಷಣ ಡೇಟಾ ಅಳಿಸಿಬಿಡಿ ಅಂತ ನಾನು ಕೇಳುತ್ತಿಲ್ಲ. ಹಳೇ ಆವೃತ್ತಿಗೆ ವಾಪಸ್ ಹೋಗುವವರಿಗೆ ಅದು ಬೇಕು. ಮೊದಲೇ ತಿಳಿಸಿ, ಎಕ್ಸ್‌ಪೋರ್ಟ್ ಕೊಡಿ, ಒಂದೆರಡು ಆವೃತ್ತಿ ಕಳೆದ ಮೇಲೆ ಕೇಳಿ ಅಳಿಸಿ. ಅಷ್ಟು ಮಾಡಿದರೆ ಉಳಿದ 2 ಸ್ಟಾರ್ ಕೂಡ ಕೊಡುತ್ತೇನೆ.